ಕೂಸು ನೋಡುವ ಕೈ ಪದೇ ಪದೇ ಬದಲಾಗದಿರಲಿ

ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,
ಜಿಲ್ಲಾ ಪಂಚಾಯಿತಿ, ಚಾಮರಾಜನಗರ



ಈ ಪತ್ರವನ್ನು ಮಂತ್ರಿಗಳಿಗೆ ಬರೆಯದೆ ನಿಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಅಂಗನವಾಡಿ, ಪ್ರಾಥಮಿಕ ಶಾಲೆ, ಕೂಸಿನ ಮನೆ, ಈ ಮೂರರ ಕಡತಗಳೂ ನಿಮ್ಮ ಮೇಜಿಗೆ ಬರುತ್ತವೆ. ಒಂದೇ ಮಗು ಒಂದು ಕಡತದಲ್ಲಿ ಕೂಲಿಕಾರರ ಕೂಸು, ಇನ್ನೊಂದರಲ್ಲಿ ಫಲಾನುಭವಿ, ಮತ್ತೊಂದರಲ್ಲಿ ವಿದ್ಯಾರ್ಥಿ. ಮೂರೂ ಒಂದೇ ಮಗು ಎಂದು ಹೇಳಬಲ್ಲ ಕುರ್ಚಿ ಜಿಲ್ಲೆಯಲ್ಲಿ ನಿಮ್ಮದು. ನಾನು ಚಂದಕವಾಡಿ ಹೋಬಳಿಯಲ್ಲಿ ಒಂದನೇ ತರಗತಿಯ ಮಕ್ಕಳ ಜೊತೆಯಲ್ಲೇ ನೌಕರಿ ಮುಗಿಸಿದ ಶಿಕ್ಷಕಿ. ಅಂಕಿಅಂಶ ನಿಮ್ಮಲ್ಲಿ ಬೇಕಾದಷ್ಟಿದೆ. ನಾನು ಹೇಳಬೇಕಾದದ್ದು ಆ ಅಂಕಿಗೆ ಸಿಕ್ಕದ ಒಂದು ವಿಷಯ.

ನಮ್ಮ ಕಡೆ ಬೆಳಗಾಗುವುದು ಹೇಗೆಂದು ನಿಮಗೆ ಗೊತ್ತು. ಅರಿಸಿನ, ಬಾಳೆ, ಕಬ್ಬಿನ ಕೆಲಸಕ್ಕೆ ಹೋಗುವ ಹೆಂಗಸರು ಬೆಳಕು ಹರಿಯುವ ಮೊದಲೇ ಗೂಡ್ಸ್ ಆಟೊ ಹತ್ತುತ್ತಾರೆ. ಗುಂಡ್ಲುಪೇಟೆ ಕಡೆ ಚೆಂಡುಹೂ ಬಿಡಿಸುವ ಕಾಲವಾದರೆ ಇನ್ನೂ ಬೇಗ. ಕೆಲವರು ತಾಳವಾಡಿ ಸೀಮೆಗೆ, ಕೆಲವರು ಗಂಡನ ಜೊತೆ ತಿರುಪ್ಪೂರಿಗೆ, ಕೇರಳದ ಶುಂಠಿ ಹೊಲಗಳಿಗೆ. ಕೂಸು ಅಜ್ಜಿಯ ಬಳಿ. ಎಷ್ಟೋ ಮನೆಗಳಲ್ಲಿ ತಾಯಿ ಕೂಸು ನಿದ್ದೆಯಲ್ಲಿರುವಾಗಲೇ ಕದ್ದು ಹೊರಡುತ್ತಾಳೆ, ಎದ್ದರೆ ಬಿಡುವುದಿಲ್ಲವೆಂದು. ಅವಳ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಹೀಗೆ ಮಾಯವಾಗುವ ತಾಯಿಯ ಕೂಸು ರಾತ್ರಿ ನಿದ್ದೆ ಮಾಡುವುದಿಲ್ಲ, ಸೆರಗು ಬಿಡುವುದಿಲ್ಲ. ಕಣ್ಣು ಮುಚ್ಚಿದರೆ ಅವ್ವ ಇರುವುದಿಲ್ಲ ಎಂಬುದು ಅದು ಕಲಿತ ಪಾಠ. ಎಬ್ಬಿಸಿ, ಎದೆಗೆ ಅವುಚಿ, ‘ಹೊತ್ತು ಮುಳುಗೊ ಹೊತ್ಗೆ ಬತ್ತೀನಿ ಕನ ಮಗ’ ಎಂದು ಹೇಳಿ ಹೋದರೆ ಕೂಸು ಆಗ ಅಳುತ್ತದೆ, ನಿಜ. ಹೇಳಿದ ಹೊತ್ತಿಗೆ ಅವ್ವ ಬಂದರೆ, ಕೆಲವು ವಾರದಲ್ಲಿ ಆ ಮಾತನ್ನು ನಂಬುವುದನ್ನೂ ಕಲಿಯುತ್ತದೆ. ಮುಂದೆ ಮೇಷ್ಟ್ರನ್ನು, ಗೆಳೆಯರನ್ನು ನಂಬುವುದು ಈ ನಂಬಿಕೆಯ ಮೇಲೆಯೇ.

ಇನ್ನು ನಿಮ್ಮ ಕೈಯಲ್ಲಿರುವ ವಿಷಯಕ್ಕೆ ಬರುತ್ತೇನೆ. 2023-24ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4000 ಗ್ರಾಮ ಪಂಚಾಯಿತಿಗಳಲ್ಲಿ, ಕೂಲಿಗೆ ಹೋಗುವ ತಾಯಂದಿರ ಕೂಸುಗಳನ್ನು ಹಗಲು ನೋಡಿಕೊಳ್ಳುವ ಕೂಸಿನ ಮನೆ ತೆರೆಯುವುದಾಗಿ ಹೇಳಿತು. ನಮ್ಮಂಥ ಜಿಲ್ಲೆಗೆ ಇದಕ್ಕಿಂತ ಒಳ್ಳೆಯ ಯೋಜನೆ ಬಂದದ್ದು ಅಪರೂಪ. ಆದರೆ ಕೂಸು ನೋಡಿಕೊಳ್ಳುವವರಿಗೆ ಸಂಬಳ ಹೊಂದಿಸಿದ್ದು ಉದ್ಯೋಗ ಖಾತ್ರಿಯ (ನರೇಗಾ) ಕೂಲಿಯಿಂದ. ಆಗ ನರೇಗಾದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸವಿತ್ತು. ಹಾಗಾಗಿ ಹಲವು ಹೆಂಗಸರಿಗೆ ತರಬೇತಿ ಕೊಟ್ಟು, ಒಬ್ಬರ ದಿನ ಮುಗಿದಂತೆ ಇನ್ನೊಬ್ಬರನ್ನು ತರುವ ಏರ್ಪಾಡಾಯಿತು. ಕೂಲಿ ಲೆಕ್ಕಕ್ಕೆ ಇದು ನ್ಯಾಯವೇ. ಹತ್ತು ಮನೆಗೆ ಕೆಲಸ ಸಿಕ್ಕಿತು. ಕೂಸಿನ ಲೆಕ್ಕದಲ್ಲಿ ನೋಡಿ. ಎಂಟು ತಿಂಗಳಿಂದ ಒಂದೂವರೆ ವರ್ಷದವರೆಗೆ ಕೂಸಿಗೆ ಅಪರಿಚಿತರ ಭಯ, ಬಿಟ್ಟುಹೋಗುವ ಭಯ ಎರಡೂ ಜೋರು. ಆ ವಯಸ್ಸಿನಲ್ಲಿ ಅದು ಒಬ್ಬಳ ದನಿ, ವಾಸನೆ, ಮಡಿಲಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಅವಳ ಸರದಿ ಮುಗಿದಿರುತ್ತದೆ. ಮತ್ತೆ ಹೊಸ ಮುಖ, ಮತ್ತೆ ಮೊದಲಿಂದ. ರೇಷ್ಮೆ ಸಾಕುವ ಮನೆಯವರೂ ಹುಳ ಪೊರೆ ಬಿಡುವ ‘ಜ್ವರ’ದಲ್ಲಿರುವಾಗ ಅದನ್ನು ಕದಲಿಸಲು ಹಿಂದೆಮುಂದೆ ನೋಡುತ್ತಾರೆ.

ಇದು ಬರೀ ಹಳ್ಳಿ ಮೇಡಂ ಮಾತಲ್ಲ. ರೊಮೇನಿಯಾದಲ್ಲಿ 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ ಬಿದ್ದ ಮೇಲೆ ಅಲ್ಲಿನ ಅನಾಥಾಲಯಗಳ ಸ್ಥಿತಿ ಹೊರಜಗತ್ತಿಗೆ ಕಂಡಿತು. ಪಾಳಿಯ ಮೇಲೆ ಬಂದು ಹೋಗುವ ಆಯಾಗಳು, ಸಾಲು ತೊಟ್ಟಿಲು, ಅತ್ತರೂ ಎತ್ತಿಕೊಳ್ಳುವವರಿಲ್ಲ. 2000ನೇ ಇಸವಿಯ ನಂತರ ಬುಕಾರೆಸ್ಟಿನಲ್ಲಿ ಇಂಥ 136 ಮಕ್ಕಳನ್ನು ಗಮನಿಸಿದ ಸಂಶೋಧಕರು ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದರು. ಎರಡು ವರ್ಷ ತುಂಬುವ ಮೊದಲೇ ಒಬ್ಬರ ಮಡಿಲು ಸಿಕ್ಕ ಮಕ್ಕಳು, ಮನುಷ್ಯರ ಜೊತೆ ಹೊಂದಿಕೊಳ್ಳುವುದರಲ್ಲಿ ತಡವಾಗಿ ಸಿಕ್ಕವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಕೂಸಿನ ಮನೆ ಅನಾಥಾಲಯವಲ್ಲ, ಸಂಜೆ ನಮ್ಮ ಕೂಸು ಮನೆಗೆ ಹೋಗುತ್ತದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಷ್ಟು ದಡ್ಡಿ ನಾನಲ್ಲ. ಆದರೆ ಅಲ್ಲಿ ಕಂಡದ್ದು ಇಲ್ಲಿಗೂ ಅನ್ವಯಿಸುತ್ತದೆ: ಹೊಟ್ಟೆ ತುಂಬಿದರಷ್ಟೇ ಸಾಲದು, ತುಂಬಿಸುವವರು ಇಂಥವರೇ ಎಂದು ಕೂಸಿಗೆ ಗೊತ್ತಿರಬೇಕು.

ನಾನು ಕೇಳುವುದು ದೊಡ್ಡದಲ್ಲ. ಒಂದು ಕೂಸಿನ ಮನೆಯ ಇಬ್ಬರು ಆರೈಕೆದಾರರ ಅವಧಿ ಒಂದೇ ದಿನ ಮುಗಿಯದಂತೆ ಹೊಂದಿಸಿ. ಹೊಸಬಳು ಕೆಲಸ ವಹಿಸಿಕೊಳ್ಳುವ ಮೊದಲು ಎರಡು ವಾರ ಹಳಬಳ ಜೊತೆ ಕೂರಲಿ. ಒಂದೂವರೆ ವರ್ಷ ತುಂಬದ ಕೂಸುಗಳಿಗಾದರೂ ಒಬ್ಬಳು ಕಾಯಂ ಇರಲಿ. ಸರದಿಯಾಚೆಗಿನ ಅವಳ ಕೂಲಿಯನ್ನು ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ ಕೊಡಬಹುದೇ ಎಂದು ನೋಡಿ.

ಅಂಗನವಾಡಿಯ ಕಷ್ಟ ಬೇರೆ. ಅಲ್ಲಿ ಟೀಚರ್ ಬದಲಾಗುವುದಿಲ್ಲ, ಆದರೆ ಇರುವುದೂ ಇಲ್ಲ. ಕರ್ನಾಟಕದ ಮೊದಲ ಅಂಗನವಾಡಿಗಳು ನಮ್ಮ ಪಕ್ಕದ ತಿ. ನರಸೀಪುರದಲ್ಲಿ 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಹುಟ್ಟಿದವು. ಐವತ್ತು ವರ್ಷದಲ್ಲಿ ಮಗುವಿನ ತೂಕ, ಎತ್ತರ, ತೋಳಿನ ಸುತ್ತಳತೆ, ಮೊಟ್ಟೆ, ಹಾಲು ಎಲ್ಲಕ್ಕೂ ದಾಖಲೆ ಬಂತು. ಈಗ ಪೋಷಣ್ ಟ್ರ್ಯಾಕರ್ ಆ್ಯಪ್ ಇದೆ. ನೆಟ್‌ವರ್ಕ್ ಸಿಗದ ಊರಲ್ಲಿ ಟೀಚರ್ ಫೋನ್ ಹಿಡಿದು ಬೇಲಿ ಬಳಿ ನಿಂತಿರುತ್ತಾರೆ, ಒಳಗೆ ಮಕ್ಕಳನ್ನು ಸಹಾಯಕಿ ಸಂಭಾಳಿಸುತ್ತಾರೆ. ಮೇಲೆ ಮತದಾರರ ಪಟ್ಟಿಯ (ಬಿಎಲ್‌ಒ) ಕೆಲಸ, ಸಮೀಕ್ಷೆ, ಸಭೆ. ಅಂಗನವಾಡಿಯ ‘ಚಿಲಿಪಿಲಿ’ ಪುಸ್ತಕದಲ್ಲಿ ಹಾಡು, ಕಥೆ, ಆಟ ಎಲ್ಲ ಇದೆ, ಆಡಿಸಲು ಟೀಚರ್ ಒಳಗಿರಬೇಕು ಅಷ್ಟೆ. ಮಗುವಿನ ಮನಸ್ಸಿಗೂ ಒಂದು ಕಾಲಂ ಸೇರಿಸಿ ಎಂದು ನಾನು ಕೇಳುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಇರುವ ಕಾಲಂಗಳಲ್ಲಿ ಎರಡನ್ನು ತೆಗೆದರೆ ಅದೇ ಉಪಕಾರ. ಬೆಳಗಿನ ಎರಡು ಗಂಟೆ ಅಂಗನವಾಡಿ ಟೀಚರನ್ನು ಯಾವ ಇಲಾಖೆಯೂ ಕರೆಯಕೂಡದು ಎಂದು ನೀವು ಒಂದು ಸುತ್ತೋಲೆ ಹೊರಡಿಸಿದರೆ ಸಾಕು.

ಶಾಲೆಯ ಬಗ್ಗೆ ನನಗೆ ಅಷ್ಟು ದೂರಿಲ್ಲ. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿ, ಟೀಚರನ್ನು ಕುರ್ಚಿಯಿಂದ ಇಳಿಸಿ ಮಕ್ಕಳ ಮಧ್ಯೆ ನೆಲದ ಮೇಲೆ ಕೂರಿಸಿತು. ಒಂದರಿಂದ ಮೂರನೇ ತರಗತಿಯವರು ಒಂದೇ ಕೊಠಡಿಯಲ್ಲಿ ಕೂರುವುದರಿಂದ ಮಗುವಿಗೆ ಮೂರು ವರ್ಷ ಒಬ್ಬರೇ ಟೀಚರ್ ಸಿಗಬಹುದು. ಕಲಿಕೆಗಿಂತ ಇದೇ ಅದರ ದೊಡ್ಡ ಗುಣವೆಂದು ನನ್ನ ಅಭಿಪ್ರಾಯ. ವರ್ಗಾವಣೆ ಕೌನ್ಸೆಲಿಂಗ್ ಹೊತ್ತಿಗೆ, ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ ಹೊತ್ತಿಗೆ ಈ ಗುಣ ಯಾರ ನೆನಪಿಗೂ ಬರುವುದಿಲ್ಲ. ಶಾಲಾ ವರ್ಷದ ನಡುವೆ ನಲಿ-ಕಲಿ ಶಿಕ್ಷಕರನ್ನು ಕದಲಿಸಬೇಡಿ.

ಹೊಡೆತದ ಮಾತಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಇದೆ, ಅದು ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮನೆಯೊಳಗೆ ಆ ಕಾಯ್ದೆ ಬರುವುದಿಲ್ಲ. ‘ಗುಮ್ಮ ಬತ್ತದೆ’, ‘ಪೊಲೀಸ್ ಮಾಮ ಹಿಡ್ಕೊಂಡೋಯ್ತನೆ’, ‘ನರ್ಸಮ್ಮನ ಕೈಲಿ ಸೂಜಿ ಚುಚ್ಚುಸ್ತೀನಿ’, ‘ಗಂಡೈಕ ಆಗಿ ಅಳ್ತಿಯಲ್ಲ’ ಎಂಬ ಮಾತು ಕೇಳದೆ ಬೆಳೆದ ಮಗು ನಮ್ಮಲ್ಲಿ ಕಡಿಮೆ. ಬೆಚ್ಚಿಬಿದ್ದ ಕೂಸಿಗೆ ತಾಯತ ಕಟ್ಟಿಸುವುದನ್ನು ನಾನು ಆಡಿಕೊಳ್ಳುವುದಿಲ್ಲ, ಕೂಸು ಹೆದರಿದೆ ಎಂದು ಮನೆಯವರು ಒಪ್ಪಿಕೊಂಡ ಗುರುತಾದರೂ ಅದು. ತಾಯತ ಕಟ್ಟಿದ ಮೇಲೆ ‘ಏನು ಕಂಡು ಹೆದ್ರಿದೆ ಮಗ?’ ಎಂದು ಕೇಳಿ, ಅದು ತೊದಲಿದ್ದನ್ನು ಕೇಳಿಸಿಕೊಳ್ಳಿ ಎಂದು ಅಜ್ಜಿಯರಿಗೆ ಹೇಳುವವರು ಬೇಕು. ತಾಯಂದಿರ ಸಭೆಗೆ ತಾಯಂದಿರೇ ಬರಲಾಗದ ಊರಲ್ಲಿ, ಅಜ್ಜಿಯರನ್ನು ಕರೆಯಿರಿ. ಮಹದೇಶ್ವರನ ಕಥೆ, ಮಂಟೇಸ್ವಾಮಿ ಕಥೆ ರಾತ್ರಿಯಿಡೀ ಕೇಳಿ ಬೆಳೆದವರು ಅವರು. ಕಥೆ ಹೇಳುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ, ಹೇಳಿ ಅಂದರೆ ಸಾಕು.

ಇನ್ನೆರಡು ಮಾತು, ಬರೆಯಲು ಕಷ್ಟವಾದವು. 2018ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ಸುಳವಾಡಿಯ ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಜನ ಸತ್ತರು. 2021ರ ಮೇ 2ರ ರಾತ್ರಿಯಿಂದ ಮರುದಿನದೊಳಗೆ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಇಲ್ಲದೆ 24 ಜನ ಹೋದರೆಂದು ಸುದ್ದಿಯಾಯಿತು. ಆಗ ಎರಡು ವರ್ಷದ ಕೂಸಾಗಿದ್ದವರು ಈಗ ಶಾಲೆಯಲ್ಲಿದ್ದಾರೆ. ಸಾವು ಕಂಡ ಮನೆಯ ಮಗು ಪಾಠದ ನಡುವೆ ಸುಮ್ಮನೆ ಕಿಟಕಿ ನೋಡುತ್ತಿದ್ದರೆ ಅದನ್ನು ಮಂದ ಎನ್ನಬೇಡಿ ಎಂದು ನಮ್ಮ ಶಿಕ್ಷಕರಿಗೆ ತರಬೇತಿಯಲ್ಲಿ ಯಾರಾದರೂ ಹೇಳಿದ್ದಾರೆಯೇ? ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ-ಮನಸ್ ಸಹಾಯವಾಣಿಯ 14416 ಎಂಬ ಸಂಖ್ಯೆ 2022ರಿಂದ ಇದೆ. ಚಾಮರಾಜನಗರದಲ್ಲೇ ವೈದ್ಯಕೀಯ ಕಾಲೇಜಿದೆ, ಮನೋವೈದ್ಯರಿದ್ದಾರೆ. ಶಿಕ್ಷಕರ ಕ್ಲಸ್ಟರ್ ಸಮಾಲೋಚನಾ ಸಭೆಗೆ ವರ್ಷಕ್ಕೆ ಎರಡು ಸಲ ಅವರನ್ನು ಕಳಿಸಿಕೊಡಿ.

ಎರಡನೆಯದು ಸೋಲಿಗರ ಮಕ್ಕಳದು. ಪುಣಜನೂರು, ಬೇಡಗುಳಿ ಕಡೆಯ ಪೋಡುಗಳಿಂದ ಆರು ವರ್ಷಕ್ಕೇ ಆಶ್ರಮ ಶಾಲೆಗೆ ಬರುವ ಮಗು ತನ್ನ ಪೋಡು, ಅವ್ವ, ತನ್ನ ನುಡಿ, ಮೂರನ್ನೂ ಒಂದೇ ದಿನ ಬಿಟ್ಟು ಬರುತ್ತದೆ. ಅದು ಓಡಿಹೋದರೆ ‘ಗೈರು’ ಎಂದು ಬರೆಯುತ್ತೇವೆ. ಆ ಶಾಲೆಗಳಲ್ಲಿ ಸೋಲಿಗ ಹೆಂಗಸೊಬ್ಬಳು ರಾತ್ರಿ ಮಕ್ಕಳ ಜೊತೆ ಮಲಗುವ ವ್ಯವಸ್ಥೆ ಆಗಬೇಕು. ಮೊದಲ ವಾರ ಮನೆಯವರೊಬ್ಬರು ಅಲ್ಲೇ ಉಳಿಯಲು ಬಿಡಬೇಕು. ಆಶ್ರಮ ಶಾಲೆ ನಡೆಸುವ ಇಲಾಖೆಯ ಜಿಲ್ಲಾ ಅಧಿಕಾರಿಯೂ ನಿಮ್ಮ ಪ್ರಗತಿ ಪರಿಶೀಲನಾ ಸಭೆಗೆ ಬರುವವರೇ.

ಜೂನ್ ಮೊದಲ ವಾರ ಅಂಗನವಾಡಿಗೂ ಒಂದನೇ ತರಗತಿಗೂ ಹೊಸ ಮಕ್ಕಳು ಬರುತ್ತವೆ. ಆ ವಾರದಲ್ಲಿ ಒಂದು ಬೆಳಿಗ್ಗೆ, ಮೊದಲೇ ತಿಳಿಸದೆ, ನಮ್ಮ ಹೋಬಳಿಗೆ ಬನ್ನಿ. ತಿಳಿಸಿದರೆ ರಂಗೋಲಿ, ಹೂಗುಚ್ಛ, ಸ್ವಾಗತ ಗೀತೆ ಸಿದ್ಧವಾಗಿ ಮಕ್ಕಳು ಬಿಸಿಲಲ್ಲಿ ಸಾಲು ನಿಲ್ಲುತ್ತವೆ. ಆರೈಕೆದಾರರ ಅವಧಿ ಮತ್ತು ಅಂಗನವಾಡಿಯ ಆ ಎರಡು ಗಂಟೆಯ ಬಗ್ಗೆ ಅಷ್ಟರಲ್ಲಿ ನೀವು ಆದೇಶ ಮಾಡಿದ್ದರೆ, ಪ್ರತಿಯನ್ನು ಪಂಚಾಯಿತಿ ಫಲಕಕ್ಕೆ ಹಾಕಿಸಿ. ನಾವು ಓದಿಕೊಳ್ಳುತ್ತೇವೆ, ಆಗದಿದ್ದಾಗ ಕೇಳುತ್ತೇವೆ.

ಇಂತಿ,
ಚಂದಕವಾಡಿ ಹೋಬಳಿಯ ಒಬ್ಬ ನಿವೃತ್ತ ಶಿಕ್ಷಕಿ