ನನ್ನ ಕೀಳರಿಮೆ ನನ್ನೊಳಗೆ ಹುಟ್ಟಿದ್ದಲ್ಲ ಸಾರ್

ಸ್ವಲ್ಪ ಉದ್ದ ಆಗುತ್ತೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಹೋದ ತಿಂಗಳು ನಮ್ಮ ಕಚೇರಿಯಿಂದ ಎರಡು ದಿನದ ವ್ಯಕ್ತಿತ್ವ ವಿಕಸನ ಕಾರ್ಯಾಗಾರಕ್ಕೆ ಕಳಿಸಿದ್ರು. ಗುಮಾಸ್ತನಾದ ನನ್ನ ಹೆಸರೂ ಪಟ್ಟಿಯಲ್ಲಿತ್ತು. ಸ್ವಲ್ಪ ಫ್ರಾಯ್ಡ್, ಸ್ವಲ್ಪ ವೇದಾಂತ, ಒಂದು ಡಬ್ಬಿ ಬಣ್ಣದ ಪೆನ್ಸಿಲ್. "ಬಾಲ್ಯದ ಒಂದು ಚಿತ್ರ ಬಿಡಿಸಿ, ಸುಪ್ತಮನಸ್ಸು ತಾನಾಗೇ ಮಾತಾಡುತ್ತೆ" ಅಂದ್ರು.

ಮಾತಾಡ್ತು. ನಮ್ಮೂರ ಹೋಟೆಲಿನ ಹೊರಗೋಡೆ, ಅಲ್ಲಿ ನಮ್ಮ ಕೇರಿಯವರಿಗೆ ಅಂತ ಬೇರೆ ಇಟ್ಟಿದ್ದ ಲೋಟ, ಟೀ ಕುಡಿದು ಅದನ್ನ ತಾನೇ ತೊಳೆದಿಡ್ತಿರೋ ನಮ್ಮಪ್ಪ.

ತರಬೇತುದಾರರು ಚಿತ್ರ ನೋಡಿ, "ಇದು ನಿಮ್ಮ ಕೀಳರಿಮೆ. ಕಣ್ಮುಚ್ಚಿ, ಆ ಹೋಟೆಲಿನವರನ್ನ ಕ್ಷಮಿಸಿಬಿಡಿ, ಹಗುರ ಆಗ್ತೀರಿ. ದಯವಿಟ್ಟು ಇಲ್ಲಿ ಜಾತಿ ತರಬೇಡಿ" ಅಂದ್ರು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಹಿಂದಿನ ದಿನ ಊಟಕ್ಕೆ ನನ್ನ ಮೇಜಲ್ಲಿ ಆರು ಜನ ಇದ್ರು. ಅವತ್ತು ಮಧ್ಯಾಹ್ನ ಇಬ್ಬರು.

ಜಾತಿ ತಂದದ್ದು ಯಾರು ಹೇಳಿ?

ಮನೋವಿಶ್ಲೇಷಣೆಯೇ ಮೋಸ ಅಂತ ನಾನು ಹೇಳ್ತಿಲ್ಲ. ಇವತ್ತಿಗೂ ಸಾಹೇಬರ ಚೇಂಬರಿನಲ್ಲಿ ಟೀ ಕುಡಿದರೆ ನನ್ನ ಕಪ್ಪು ನಾನೇ ಎತ್ಕೊಂಡು ಸಿಂಕಿನ ಕಡೆ ಹೊರಡ್ತೀನಿ. ಯಾರೂ ಹೇಳಲ್ಲ. ಕೈ ತಾನಾಗೇ ಹೋಗುತ್ತೆ. ಅಪ್ಪನ ಕೈ ಅದು. ಗಾಯ ಒಳಗಿರೋದು ನಿಜ. ಆದರೆ ಒಳಗಿದೆ ಅಂದ ಮಾತ್ರಕ್ಕೆ ಒಳಗೇ ಹುಟ್ಟಿತು ಅನ್ನೋದು ಸುಳ್ಳು. ಮಚ್ಚಿನೇಟು ತಿಂದವನಿಗೆ ನಿನ್ನ ರಕ್ತದಲ್ಲೇ ದೋಷ ಇದೆ ಅಂದ ಹಾಗೆ.

ಫ್ರಾಂಟ್ಜ್ ಫ್ಯಾನನ್ ಗೊತ್ತಲ್ಲ? ಮಾರ್ಟಿನಿಕ್ ದ್ವೀಪದ ಕಪ್ಪು ಮನೋವೈದ್ಯ. ಕರಿಯರ ಕೀಳರಿಮೆಯ ಬೇರು ವಸಾಹತುಶಾಹಿ ಸಮಾಜದಲ್ಲಿದೆ ಅಂತ 1952ರಲ್ಲೇ ಪುಸ್ತಕ ಬರೆದವನು. 1953ರಲ್ಲಿ ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆ ಸೇರಿ, ರೋಗಿಗಳಿಗೆ ಗುಂಪು ಚಟುವಟಿಕೆ ಶುರುಮಾಡಿದ. ಕೈಕೆಲಸ, ಪತ್ರಿಕೆ, ಹಬ್ಬ. ಯುರೋಪಿಯನ್ ಹೆಂಗಸರ ವಾರ್ಡಿನಲ್ಲಿ ಅದು ಗೆದ್ದಿತು, ಮುಸ್ಲಿಂ ಗಂಡಸರ ವಾರ್ಡಿನಲ್ಲಿ ಸೋತಿತು. 'ಇವರಿಗೆ ಬೆಳೆಯೋ ಮನಸ್ಸಿಲ್ಲ' ಅಂತ ಫ್ಯಾನನ್ ಕೈ ತೊಳ್ಕೊಳ್ಳಲಿಲ್ಲ. ತಪ್ಪು ನಮ್ಮ ವಿಧಾನದ್ದು ಅಂತ ಒಪ್ಪಿಕೊಂಡ. ಅವರ ಊರಿನ ಥರದ ಕಾಫಿ ಅಂಗಡಿಯನ್ನ ಆಸ್ಪತ್ರೆಯೊಳಗೇ ತೆರೆದ, ಅವರ ಹಬ್ಬ ಮಾಡಿಸಿದ, ಕಥೆ ಹೇಳುವವರನ್ನ ಕರೆಸಿದ. ನಮ್ಮ ತರಬೇತುದಾರರಿಗೆ ಈ ಪಾಠ ಯಾರು ಹೇಳಬೇಕು?

ಸ್ವತಃ ಫ್ರಾಯ್ಡ್ 1918ರಲ್ಲಿ ಬುಡಾಪೆಸ್ಟ್‌ನಲ್ಲಿ ನಿಂತು, ಬಡವರಿಗೂ ಮನಸ್ಸಿನ ಚಿಕಿತ್ಸೆಯ ಹಕ್ಕಿದೆ, ಅದು ಉಚಿತವಾಗಿ ಸಿಗಬೇಕು ಅಂತ ಹೇಳಿದ್ದ. 1920ರಲ್ಲಿ ಬರ್ಲಿನ್, 1922ರಲ್ಲಿ ವಿಯೆನ್ನಾದಲ್ಲಿ ಅಂಥ ಚಿಕಿತ್ಸಾಲಯಗಳು ತೆರೆದವು. ಇನ್ನು ತತ್ವಶಾಸ್ತ್ರ ಬೇಕಾ? ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ಓದಿ. ದುಃಖವನ್ನ ಮನುಷ್ಯ ಮನುಷ್ಯರ ನಡುವಿನ ಸಂಬಂಧದಲ್ಲಿಟ್ಟು ನೋಡಿದವರು ಅವರು. 'ಎಲ್ಲಾ ನಿನ್ನೊಳಗೇ ಇದೆ' ಅಂತ ತಪ್ಪಿಸಿಕೊಳ್ಳಲಿಲ್ಲ.

ಈಗ ನಮ್ಮವರಿಗೂ ಒಂದು ಮಾತು. ಕೋಪ ಮಾಡ್ಕೋಬೇಡಿ.

2016ರ ಜನವರಿಯಲ್ಲಿ ರೋಹಿತ್ ವೇಮುಲ ಹೋದಾಗ ನಾವೆಲ್ಲ ಬೀದಿಗಿಳಿದೆವು, ಇಳಿಯಲೇಬೇಕಿತ್ತು. ಆದರೆ ಹಾಸ್ಟೆಲಿನಲ್ಲಿ ಒಬ್ಬನೇ ಗೋಡೆ ನೋಡ್ತಾ ಕೂತಿರೋ ನಮ್ಮ ಹುಡುಗನ ಪಕ್ಕ ಎಷ್ಟು ಜನ ಕೂತಿದ್ದೀವಿ? 'ಹೋರಾಟಗಾರ ಅಳಬಾರದು ಕಣೋ' ಅಂತ ನಾನೇ ಎಷ್ಟೋ ಹುಡುಗರಿಗೆ ಹೇಳಿದ್ದೀನಿ. ಅದು ತಪ್ಪು. ಒಳಗಿನ ಮಾತಿಗೆ ನಾವು ಜಾಗ ಕೊಡದೆ ಇದ್ದರೆ, ನಮ್ಮ ಮಕ್ಕಳು ಕ್ಷಮೆ ಮಾರುವವರ ಬಾಗಿಲಿಗೇ ಹೋಗ್ತಾರೆ.

ಅದಕ್ಕೇ ಕೇಳ್ತಿದ್ದೀನಿ. ತಿಂಗಳಿಗೊಂದು ಭಾನುವಾರ ನಮ್ಮ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಕೂರೋಣ. ಬಣ್ಣ ಇರಲಿ, ತಮಟೆ ಇರಲಿ. ಮನಃಶಾಸ್ತ್ರ ಓದಿರೋ ನಮ್ಮ ಹುಡುಗ ಹುಡುಗಿಯರು ಮುಂದೆ ಬರಲಿ. ಹೆಂಗಸರು ಮೊದಲು ಮಾತಾಡಲಿ, ಅವರಿಗೆ ಮನೆಯೊಳಗಿನ ನಮ್ಮ ದರ್ಬಾರಿನ ಲೆಕ್ಕವೂ ಗೊತ್ತು. ನಿದ್ದೆಯಿಲ್ಲದೆ ಒದ್ದಾಡೋರನ್ನ ಡಾಕ್ಟರ ಹತ್ರ ನಾವೇ ಕರ್ಕೊಂಡು ಹೋಗೋಣ. ನಿಯಮ ಒಂದೇ: ಜಾತಿ ಹೊರಗಿಟ್ಟು ಬಾ ಅಂತ ಯಾರಿಗೂ ಹೇಳೋ ಹಾಗಿಲ್ಲ.

ಆ ಚಿತ್ರ ಅಲ್ಲೇ ಬಿಟ್ಟು ಬರಲಿಲ್ಲ ನಾನು, ಸುತ್ತಿ ತಂದಿದ್ದೀನಿ. ಮೊದಲ ಭಾನುವಾರ ಅದನ್ನೇ ಗೋಡೆಗೆ ಅಂಟಿಸ್ತೀನಿ. ನೀವೂ ನಿಮ್ಮದು ತನ್ನಿ.

ಜೈಭೀಮ್.