ಗಣಕದ ಹೊಸ್ತಿಲು ಯಾರದು?

ಗ್ರಂಥದ ಮೊದಲಿಗೆ ಶ್ರೀಕಾರವನ್ನು ಬರೆಯುವದು, ಶಾಸನದ ಮೊದಲ ಸಾಲಿನಲ್ಲಿ ದೇವತಾಸ್ತುತಿಯನ್ನು ಕೊರೆಯಿಸುವದು, ದೊಡ್ಡಾಟದ ಆರಂಭದಲ್ಲಿ ಗಣಪತಿಯನ್ನು ನೆನೆಯುವದು, ಬೆಳಗಾದೊಡನೆ ಅಂಗಳವನ್ನು ಸಾರಿಸಿ ರಂಗವಲ್ಲಿಯನ್ನಿಕ್ಕುವದು, ಇವೆಲ್ಲ ಕನ್ನಡ ನಾಡಿನಲ್ಲಿ ಪರಂಪರೆಯಾಗಿ ನಡೆದುಬಂದ ಆರಂಭದ ಮರ್ಯಾದೆಗಳು. ಆದರೆ ಇದೇ ನಾಡಿನ ಸುಶಿಕ್ಷಿತರ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ತೆರೆಯುವ ಇನ್ನೊಂದು ಬಾಗಿಲುಂಟು. ಅದರ ಹೊಸ್ತಿಲ ಮೇಲೆ ಮನೆಯವರ ಕೈಯ ಒಂದು ಗೆರೆಯೂ ಇರುವದಿಲ್ಲ; ಮನೆಯ ಮಾತಿನ ಒಂದು ಅಕ್ಷರವೂ ಕಾಣುವದಿಲ್ಲ. ಅದು ಗಣಕಯಂತ್ರದ ಬಾಗಿಲು.

ಗುಂಡಿಯನ್ನೊತ್ತಿದ ಮಾತ್ರಕ್ಕೆ ಗಣಕವು ಕೆಲಸಕ್ಕೆ ಸಿದ್ಧವಾಗುವದಿಲ್ಲ. ಮೊದಲು ಯಂತ್ರದ ಫಲಕದಲ್ಲಿಯೇ ನೆಲೆಸಿರುವ ಮೂಲತಂತ್ರಾಂಶವು ಎಚ್ಚತ್ತು ಯಂತ್ರದ ಅಂಗಗಳನ್ನು ಪರೀಕ್ಷಿಸುವದು. ಬಳಿಕ ಅದು ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಅಧಿಕಾರವನ್ನೊಪ್ಪಿಸುವದು. ಆ ತಿರುಳು ತನ್ನ ಪರಿವಾರದ ಸೇವೆಗಳನ್ನು ಒಂದೊಂದಾಗಿ ಎಬ್ಬಿಸುವದು. ಇಷ್ಟು ನಡೆಯುವ ವರೆಗೆ ಪರದೆಯ ಮೇಲೆ ಒಂದು ಲಾಂಛನವೂ ಅದರ ಕೆಳಗೆ ಸುತ್ತುವ ಕೆಲವು ಚುಕ್ಕೆಗಳೂ ಕಾಣಿಸುವವು. ಈ ಚಲಿಸುವ ಚಿತ್ರವನ್ನೇ ಆರಂಭಚಿತ್ರವೆಂದು ಕರೆಯಬಹುದು. ಅದರಲ್ಲಿಯ ಲಾಂಛನವು ಯಾರದು? ಯಂತ್ರವನ್ನು ಮಾಡಿದವರದು, ಇಲ್ಲವೆ ವ್ಯವಸ್ಥೆಯನ್ನು ಮಾರಿದವರದು. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ತಯಾರಕರು ಮೂಲತಂತ್ರಾಂಶದಲ್ಲಿಟ್ಟ ಲಾಂಛನವನ್ನೇ ವ್ಯವಸ್ಥೆಯೂ ಮುಂದುವರಿಸಿ ತೋರಿಸುವ ಏರ್ಪಾಡಾಗಿದೆ. ಹಣವನ್ನು ತೆತ್ತವನೊಬ್ಬನು, ಬಾಗಿಲ ಮೇಲಿನ ಹೆಸರು ಇನ್ನೊಬ್ಬನದು!

ಇದು ಮೊದಲಿನಿಂದಲೂ ಹೀಗೆಯೇ ಇದ್ದಿತೆಂದು ತಿಳಿಯಬಾರದು. 1995ರ ವಿಂಡೋಸಿನಲ್ಲಿ ಆರಂಭಚಿತ್ರವು ‘ಲೋಗೊ.ಸಿಸ್’ ಎಂಬ ಹೆಸರಿನ ಒಂದು ಸಾದಾ ಚಿತ್ರಕಡತವಾಗಿದ್ದಿತು. ಅದರ ಅಗಲ 320 ಚುಕ್ಕೆ, ಎತ್ತರ 400 ಚುಕ್ಕೆ, ಬಣ್ಣಗಳು 256. ಅದೇ ಅಳತೆಯ ಬೇರೊಂದು ಚಿತ್ರವನ್ನು ಬರೆದು ಅದೇ ಹೆಸರಿನಿಂದ ಇಟ್ಟರೆ ಗಣಕವು ಅದನ್ನೇ ತೋರಿಸುತ್ತಿದ್ದಿತು. ಕೆಳಗಿನ ಪಟ್ಟಿಯು ಹರಿಯುವಂತೆ ತೋರುತ್ತಿದ್ದುದು ಚಿತ್ರವು ಬದಲಾಗುತ್ತಿದ್ದುದರಿಂದಲ್ಲ, ಕೆಲವು ಬಣ್ಣಗಳು ಮಾತ್ರ ತಮ್ಮ ತಮ್ಮ ಸ್ಥಾನಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದುದರಿಂದ. ಜಾಣ ಬಾಲಕನೊಬ್ಬನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದಾಗಿದ್ದ ಕೆಲಸವಿದು. ಮುಂದಿನ ವರ್ಷಗಳಲ್ಲಿ ಆ ಹೊಸ್ತಿಲು ಮನೆಯವರ ಕೈಯಿಂದ ಮೆಲ್ಲಮೆಲ್ಲನೆ ಜಾರಿಹೋಯಿತು. ಕಳಕೊಂಡವರು ಕಳಕೊಂಡೆವೆಂಬುದನ್ನೂ ಅರಿಯದೆ ಹೋದರು.

ಹಾವೇರಿಯಲ್ಲಾಗಲಿ, ರಾಣೆಬೆನ್ನೂರಿನಲ್ಲಾಗಲಿ, ಬ್ಯಾಡಗಿಯಲ್ಲಾಗಲಿ ಹುಡುಗನೊಬ್ಬನು ಈ ಚಿತ್ರವನ್ನು ಬದಲಿಸಲು ಕುಳಿತರೆ ಹಿರಿಯರು ಆಡುವ ಮಾತು ಒಂದೇ: “ಕೆಲಸವಿಲ್ಲದವರ ಆಟವಿದು, ಹತ್ತು ಕ್ಷಣ ಕಂಡು ಮಾಯವಾಗುವ ಚಿತ್ರಕ್ಕೆ ಹತ್ತು ತಾಸಿನ ದುಡಿಮೆಯೇಕೆ?” ಮೇಲುನೋಟಕ್ಕೆ ಇದು ವಿವೇಕದ ಮಾತೇ ಸರಿ. ಆದರೆ ಇದೇ ಹಿರಿಯರ ಮನೆಯ ರಂಗವಲ್ಲಿಯು ಮಧ್ಯಾಹ್ನದೊಳಗೆ ಕಾಲ್ತುಳಿತಕ್ಕೆ ಸಿಕ್ಕು ಅಳಿದುಹೋಗುವದಷ್ಟೆ? ಅದನ್ನು ನಾಳೆ ಮತ್ತೆ ಹಾಕುವವರು ಯಾರೂ ಅದನ್ನು ವ್ಯರ್ಥವೆನ್ನುವದಿಲ್ಲ. ಹೊಸ್ತಿಲು ಮನೆಯವರದೆಂಬುದನ್ನು ಅದು ದಿನಾಲು ಸಾರುವದು. 2011ರಲ್ಲಿ ಬ್ಯಾಡಗಿಯ ಮೆಣಸಿನಕಾಯಿಗೆ ಭೌಗೋಳಿಕ ಗುರುತು ದೊರೆತಾಗ ಸೀಮೆಯವರೆಲ್ಲ ಹಿಗ್ಗಿದರು. ಕಾಯಿ ಅದೇ ಕಾಯಿ, ಖಾರ ಅದೇ ಖಾರ, ಬಣ್ಣವೂ ಅದೇ. ಹೆಸರಿನ ಮೇಲಿನ ಹಕ್ಕು ಊರಿನದೆಂದು ಸ್ಥಿರಪಟ್ಟುದೇ ಆ ಹಿಗ್ಗಿಗೆ ಕಾರಣ. ಕಾಯಿಯ ಹೆಸರಿಗೆ ಇಷ್ಟು ಬೆಲೆಯನ್ನು ಕಟ್ಟಬಲ್ಲವರು ತಮ್ಮ ಕಣ್ಣೆದುರಿನ ಪರದೆಯ ಹೆಸರಿನ ವಿಷಯದಲ್ಲಿ ಉದಾಸೀನರಾಗಿರುವದು ಯಾವ ನ್ಯಾಯ?

ಇದೆಲ್ಲ ಅಭಿಮಾನದ ಮಾತಾಯಿತು. ಅದಕ್ಕಿಂತ ಗುರುತರವಾದ ಕಾರಣವೊಂದುಂಟು. ಆರಂಭದ ಪರದೆಯು ಬರಿಯ ಶೃಂಗಾರವಲ್ಲ. ಅದು ಕೆಲವೊಮ್ಮೆ ಮಾತನ್ನೂ ಆಡುವದು. ತಟ್ಟೆಯಲ್ಲಿ ದೋಷವಿದೆಯೋ ಎಂದು ಪರೀಕ್ಷೆ ನಡೆದಿದೆ, ಹೊಸ ತಂತ್ರಾಂಶವನ್ನು ಜೋಡಿಸುವದು ನಡೆದಿದೆ, ಯಂತ್ರವನ್ನು ಆರಿಸಬಾರದು, ಗುಪ್ತಪದವನ್ನು ಕೊಡಬೇಕು, ಇಂಥ ಎಚ್ಚರಿಕೆಗಳು ಬರುವ ಸ್ಥಳವೂ ಅದೇ. ಅವು ಬರುವದು ಇಂಗ್ಲೀಷಿನಲ್ಲಿ. ಕನ್ನಡದಲ್ಲಿ ದಪ್ಪ ದಪ್ಪ ಕಾದಂಬರಿಗಳನ್ನೋದಿ ಅರಗಿಸಿಕೊಂಡ ಗೃಹಿಣಿಯು ಆ ಒಂದು ಸಾಲನ್ನು ಓದಲಾರದೆ, ಯಂತ್ರವು ಕೆಟ್ಟು ನಿಂತಿತೆಂದು ಬಗೆದು ತಂತಿಯನ್ನು ಕಿತ್ತರೆ ತಪ್ಪು ಯಾರದು? ಅರ್ಧ ಜೋಡಿಸಿದ ತಂತ್ರಾಂಶವು ಅರ್ಧಕ್ಕೇ ನಿಲ್ಲುವದು. ಮರುದಿನ ಗಣಕವು ಏಳಲಾರದು. ಮಗಳ ಅಭ್ಯಾಸದ ಬರೆಹವೂ ಅಂಗಡಿಯ ಲೆಕ್ಕವೂ ಅದರೊಳಗೆ ಸಿಕ್ಕಿಕೊಳ್ಳುವವು. “ಇಂಗ್ಲೀಷು ಬಾರದವರು ಗಣಕವನ್ನು ಮುಟ್ಟಬಾರದು” ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇಲ್ಲ. ಆದರೆ ಆರಂಭದ ಪರದೆಯು ದಿನಾಲು ಹೇಳುತ್ತಿರುವದು ಅದನ್ನೇ.

“ಹಾಗಾದರೆ ಎಚ್ಚರಿಕೆಯ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿದರೆ ಸಾಲದೆ? ಚಿತ್ರದ ಗೊಡವೆಯೇಕೆ?” ಎಂದು ಕೇಳುವವರುಂಟು. ಈ ಪ್ರಶ್ನೆಯು ವಿಚಾರಾರ್ಹವಾದುದು. ಅದಕ್ಕೆ ಉತ್ತರವು ಕನ್ನಡ ಲಿಪಿಯ ಸ್ವರೂಪದಲ್ಲಿಯೇ ಇದೆ. ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನೇ ತಕ್ಕೊಳ್ಳಬಹುದು. ಅದು ಏಳುವಾಗ ತನ್ನ ಮಾತುಗಳನ್ನು ಬರೆಯುವ ಅಕ್ಷರಪರದೆಯು ಚದುರಂಗದ ಮಣೆಯಂತೆ ಚೌಕಗಳಾಗಿ ಒಡೆದಿರುವದು. ಒಂದು ಚೌಕಕ್ಕೆ ಒಂದು ಆಕೃತಿ; ಆಕೃತಿಗಳ ಒಟ್ಟು ಸಂಖ್ಯೆಯು 256, ಹೆಚ್ಚೆಂದರೆ 512. ಇಂಗ್ಲೀಷಿಗೆ ಇಷ್ಟು ಧಾರಾಳವಾಗಿ ಸಾಕು. ಕನ್ನಡದ 34 ವ್ಯಂಜನಗಳಾದರೋ ಕಾಗುಣಿತವನ್ನು ಕೂಡಿಕೊಂಡು, ಕೆಳಗೆ ಒತ್ತನ್ನು ಹೊತ್ತು, ಅಗಲವನ್ನು ಬದಲಿಸುತ್ತ ಸಾಗುವವು. ಎರಡೆರಡು ವ್ಯಂಜನಗಳ ಸಂಯೋಗವನ್ನು ಮಾತ್ರ ಎಣಿಸಿದರೂ ಲೆಕ್ಕವು 1156ಕ್ಕೆ ಮುಟ್ಟುವದು. ಒಂದರ ಕೆಳಗೆ ಇನ್ನೊಂದನ್ನು ಪೋಣಿಸುವ ಶಕ್ತಿಯೇ ಆ ಪರದೆಗಿಲ್ಲ. ಈ ಕಾರಣದಿಂದಲೇ ಡೆಬಿಯನ್ ಎಂಬ ವ್ಯವಸ್ಥೆಯನ್ನು ಗಣಕದಲ್ಲಿ ನೆಲೆಗೊಳಿಸುವಾಗ ಕನ್ನಡವು ಚಿತ್ರರೂಪದ ಪರದೆಯಲ್ಲಿ ಮಾತ್ರ ದೊರೆಯುವದು, ಅಕ್ಷರಪರದೆಯಲ್ಲಿ ದೊರೆಯುವದಿಲ್ಲ. ಅಂದ ಮೇಲೆ ಆರಂಭದ ಕ್ಷಣಗಳಲ್ಲಿ ಕನ್ನಡವು ಕಾಲಿಡಲು ಇರುವ ದಾರಿ ಒಂದೇ; ಅದು ಚಿತ್ರದ ದಾರಿ. ಇಂಗ್ಲೀಷಿನವನಿಗೆ ಆರಂಭಚಿತ್ರವು ವಿಲಾಸವಾಗಬಹುದು. ಕನ್ನಡಿಗನಿಗೆ ಅದು ಅವಶ್ಯಕವಾದ ಸೇತುವೆ.

ಇನ್ನು ಎರಡನೆಯ ಪಕ್ಷದವರ ವಿಚಾರ. ಇವರು ಉತ್ಸಾಹಿಗಳು. ನವೆಂಬರ ತಿಂಗಳು ಬಂತೆಂದರೆ ಕೆಂಪು ಹಳದಿ ಬಾವುಟವೊಂದು ಗರಗರನೆ ತಿರುಗುವ ಚಿತ್ರವನ್ನು ಎಲ್ಲಿಂದಲೋ ತಂದು ಗಣಕಕ್ಕೆ ಅಂಟಿಸುವರು. ಕನ್ನಡದ ಸೇವೆಯಾಯಿತೆಂದು ಎದೆಯುಬ್ಬಿಸುವರು. ಬಾವುಟವು ಮಾಯವಾದೊಡನೆ ಒಳಗೆಲ್ಲ ಇಂಗ್ಲೀಷು. ಕಡತಗಳ ಹೆಸರು ಇಂಗ್ಲೀಷು. ಮನೆಗೆ ಬರೆಯುವ ಓಲೆಯೂ ಇಂಗ್ಲೀಷಿನ ಅಕ್ಷರಗಳಲ್ಲಿ ಮೈಮುರಿದುಕೊಂಡ ಕನ್ನಡ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಕೆ. ಪಿ. ರಾವ್ ಅವರ ಕೀಲಿವಿನ್ಯಾಸವು ಕನ್ನಡ ಬೆರಳಚ್ಚನ್ನು ಸುಲಭಗೊಳಿಸಿದೆ. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿಕೊಟ್ಟಿದೆ. ಇಷ್ಟೆಲ್ಲ ಸಲಕರಣೆಗಳನ್ನು ಮೂಲೆಗೊತ್ತಿ, ಹತ್ತು ಕ್ಷಣದ ಬಾವುಟದಿಂದ ಭಾಷಾಋಣವನ್ನು ತೀರಿಸಹೊರಟವರು ಬಾಗಿಲಿಗೆ ತೋರಣವನ್ನು ಕಟ್ಟಿ ಒಲೆಯನ್ನು ಹೊತ್ತಿಸದ ಮನೆಯವರಂತೆ. ಬಂದ ಅತಿಥಿಗೆ ತೋರಣದಿಂದ ಹಸಿವು ಇಂಗುವದೆ? ಹಾವೇರಿ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರ ಗಂಟಿನಲ್ಲಿದ್ದುದು ಓದತಕ್ಕ ಪುಸ್ತಕಗಳು, ಬರಿಯ ಮುಖಪುಟಗಳಲ್ಲ.

ಮೂರನೆಯವರು ಭಯಶೀಲರು. “ಆರಂಭದ ಭಾಗವನ್ನು ಮುಟ್ಟಿದರೆ ಯಂತ್ರವೇ ಕೆಡುವದು” ಎಂಬುದು ಅವರ ವಾದ. ಈ ಭಯವು ನಿರಾಧಾರವಾದುದಲ್ಲ. 2023ರ ಡಿಸೆಂಬರಿನಲ್ಲಿ ಬೈನಾರ್ಲಿ ಎಂಬ ಸಂಸ್ಥೆಯ ಸಂಶೋಧಕರು ‘ಲೋಗೊಫೇಲ್’ ಎಂಬ ಹೆಸರಿನಿಂದ ಕೆಲವು ದೋಷಗಳನ್ನು ಬಯಲಿಗೆ ತಂದರು. ಮೂಲತಂತ್ರಾಂಶದಲ್ಲಿ ಲಾಂಛನವನ್ನು ಓದುವ ಭಾಗವೇ ದುರ್ಬಲವಾಗಿದ್ದುದರಿಂದ, ಕುಟಿಲವಾಗಿ ರಚಿಸಿದ ಚಿತ್ರವೊಂದನ್ನು ಅಲ್ಲಿ ನುಗ್ಗಿಸಿದರೆ ವ್ಯವಸ್ಥೆಯ ಕಾವಲುಗಾರರು ಏಳುವದಕ್ಕೆ ಮೊದಲೇ ಪರರ ಆಜ್ಞೆಗಳು ನಡೆಯಬಹುದಾಗಿದ್ದವು. ಜಂಗಮವಾಣಿಯ ವಿಷಯದಲ್ಲಿಯೂ ತೊಡಕುಂಟು. ಅದರ ಆರಂಭಚಿತ್ರವನ್ನು ಬದಲಿಸಬೇಕಾದರೆ ಸಾಮಾನ್ಯವಾಗಿ ತಯಾರಕರ ಬೀಗವನ್ನು ತೆಗೆಯಬೇಕಾಗುವದು. ಹಾಗೆ ತೆಗೆದಾಗ ಒಳಗಿನ ಬರೆಹ, ಭಾವಚಿತ್ರಗಳೆಲ್ಲ ಅಳಿಸಿಹೋಗುವವು. ಆದುದರಿಂದ ಮೂಲತಂತ್ರಾಂಶದ ಲಾಂಛನವನ್ನೂ ಜಂಗಮವಾಣಿಯನ್ನೂ ಆರಂಭಿಕರು ಮುಟ್ಟದಿರುವದೇ ಲೇಸು. ಹೊರಗಿನ ಅಗಸೆಬಾಗಿಲು ಸದ್ಯಕ್ಕೆ ತಯಾರಕರದಾಗಿಯೇ ಇರಲಿ. ಆದರೆ ಅಗಸೆಯು ಪರರದೆಂದು ಪಡಸಾಲೆಯ ಹೊಸ್ತಿಲನ್ನೂ ಬಿಟ್ಟುಕೊಡಬೇಕೆಂಬ ನಿಯಮವೆಲ್ಲಿದೆ?

ಆ ಒಳಹೊಸ್ತಿಲನ್ನು ಸಿಂಗರಿಸಲು ನಿರಪಾಯವಾದ ಮಾರ್ಗವಿದೆ. 2008ರಲ್ಲಿ ಫೆಡೋರ 10ರೊಡನೆ ಬಳಕೆಗೆ ಬಂದ ‘ಪ್ಲಿಮತ್’ ಎಂಬ ಸಾಧನವು ಇಂದು ಅನೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಈ ಕೆಲಸವನ್ನು ಮಾಡುವದು. ಒಂದು ಕಡತಕೋಶ, ಅದರಲ್ಲಿ ಹೆಸರನ್ನೂ ವಿವರವನ್ನೂ ಹೇಳುವ ಒಂದು ಪುಟ್ಟ ಬರೆಹ, ಯಾವ ಚಿತ್ರದ ಬಳಿಕ ಯಾವ ಚಿತ್ರ ಬರಬೇಕೆಂಬ ಒಂದು ಸೂತ್ರಕಡತ, ಅನುಕ್ರಮವಾಗಿ ಅಂಕಿಯಿಟ್ಟ ಕೆಲವು ಚಿತ್ರಗಳು. ಬಂಡವಾಳವೆಲ್ಲ ಇಷ್ಟೇ. ಇವನ್ನು ಸಿದ್ಧಪಡಿಸಿದ ಬಳಿಕ ಆರಂಭಕಾಲದಲ್ಲಿ ತಿರುಳಿನೊಡನೆ ಸ್ಮೃತಿಗೆ ಬರುವ ಕಿರುಸಂಚಿಯನ್ನು ಮತ್ತೆ ಕಟ್ಟಬೇಕು. ಇದನ್ನು ಮರೆತವರೇ “ಚಿತ್ರವು ಬದಲಾಗಲಿಲ್ಲ” ಎಂದು ತಲೆಯ ಮೇಲೆ ಕೈಹೊತ್ತು ಕೂಡುವರು. ಆ ಸಂಚಿಯೊಳಗೆ ಕನ್ನಡದ ಅಕ್ಷರಕೋಶವೂ ಒತ್ತುಗಳನ್ನು ಜೋಡಿಸುವ ಉಪಕರಣವೂ ಇಲ್ಲದಿದ್ದರೆ ಅಕ್ಷರಗಳು ಒಡೆದು ಚೂರಾಗಿ ಕಾಣುವವು, ಇಲ್ಲವೆ ಕಾಣಿಸವು. ಅದಕ್ಕೂ ಸುಲಭೋಪಾಯವುಂಟು. ಬೇಕಾದ ವಾಕ್ಯಗಳನ್ನು ಮೊದಲೇ ಚಿತ್ರಗಳಾಗಿ ಬರೆದಿಟ್ಟರೆ ಜೋಡಣೆಯ ಗೋಜೇ ಇಲ್ಲ. ಮನೆಯ ಮಗಳು ತನ್ನ ದುಂಡಕ್ಷರದಲ್ಲಿ “ಸ್ವಲ್ಪ ತಡೆಯಿರಿ”, “ಪರೀಕ್ಷೆ ನಡೆದಿದೆ”, “ಈಗ ಆರಿಸಬೇಡಿರಿ” ಎಂದು ಹಾಳೆಯ ಮೇಲೆ ಬರೆಯಲಿ. ಅದರ ಪ್ರತಿಬಿಂಬವನ್ನು ತೆಗೆದು ಕಡತಕೋಶದಲ್ಲಿಡಲಿ. ಲಿಪಿಯ ತೊಡಕು ತೀರಿತು. ಪರದೆಯ ಮೇಲೆ ಮನೆಯ ಕೈಬರೆಹವೂ ಬಂದಿತು.

ಆದರೆ ಮರ್ಯಾದೆಗಳಿರಬೇಕು. ಚಿತ್ರವು ಮುಗಿಯಲೆಂದು ಗಣಕವನ್ನು ಕಾಯಿಸಬಾರದು. ಗಣಕವು ಸಿದ್ಧವಾದೊಡನೆ ಚಿತ್ರವು ದಾರಿಯನ್ನು ಬಿಡಬೇಕು. ಚಿತ್ರವು ದೋಷವನ್ನು ಮುಚ್ಚಿಡಬಾರದು. ಎಸ್ಕೇಪ್ ಕೀಲಿಯನ್ನೊತ್ತಿ ಹಿಂದಿನ ಮಾತುಗಳನ್ನು ನೋಡಬಹುದೆಂಬುದನ್ನು ಮನೆಯವರೆಲ್ಲ ಅರಿತಿರಬೇಕು. ಅಪರಿಚಿತರು ಹಂಚುವ ಸಿದ್ಧಚಿತ್ರಗಳನ್ನು ವಿಚಾರಿಸದೆ ತಂದಿಡಬಾರದು; ಅವುಗಳೊಡನೆ ಬರುವ ಸೂತ್ರಗಳು ಯಂತ್ರದ ಒಡೆತನವನ್ನೇ ಕೇಳಬಹುದು. ಹಾವೇರಿಯ ಏಲಕ್ಕಿಹಾರವೂ ರಾಣೆಬೆನ್ನೂರಿನ ಕೃಷ್ಣಮೃಗವೂ ಬ್ಯಾಡಗಿಯ ಕೆಂಪು ಕಾಯಿಯೂ ಪರದೆಯ ಮೇಲೆ ಬರಲಿ, ಯಾರೂ ಬೇಡವೆನ್ನರು. ಆದರೆ ಅವುಗಳ ಕೆಳಗೆ ಓದತಕ್ಕ ಒಂದು ಕನ್ನಡ ವಾಕ್ಯವಿರಲಿ. ಅವುಗಳ ಹಿಂದೆ ಕನ್ನಡದಲ್ಲಿ ಕೆಲಸ ಮಾಡುವ ಗಣಕವಿರಲಿ.

ಇದು ಅಸಾಧ್ಯವೆನ್ನುವವರು ನೆರೆಯ ಕೇರಳವನ್ನು ನೋಡಬೇಕು. ಅಲ್ಲಿಯ ಸರಕಾರಿ ಶಾಲೆಗಳು ‘ಐಟಿ ಅಟ್ ಸ್ಕೂಲ್’ ಯೋಜನೆಯ ಮೂಲಕ ಮುಕ್ತತಂತ್ರಾಂಶವನ್ನು ಕೈಗೊಂಡು, ತಮ್ಮ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿದ ಲಿನಕ್ಸನ್ನೇ ಮಕ್ಕಳ ಕೈಗೆ ಕೊಟ್ಟವು. 2017ರಿಂದ ‘ಕೈಟ್’ ಎಂಬ ಸಂಸ್ಥೆಯು ಆ ಕೆಲಸವನ್ನು ಮುಂದುವರಿಸಿದೆ. ಅಲ್ಲಿಯ ಬಾಲಕರಿಗೆ ಸಾಧ್ಯವಾದುದು ವರದೆ ತುಂಗಭದ್ರೆಗಳ ದಂಡೆಯ ಬಾಲಕರಿಗೆ ಅಸಾಧ್ಯವಾಗಲು ಕಾರಣವೇನು? ಬುದ್ಧಿಯ ಕೊರತೆಯಂತೂ ಅಲ್ಲ; ಹಿರಿಯರ ಅನುಮತಿಯ ಕೊರತೆ.

2023ರ ಜನವರಿಯಲ್ಲಿ ಹಾವೇರಿಯು 86ನೆಯ ಕನ್ನಡ ಸಾಹಿತ್ಯ ಸಮ್ಮೇಲನವನ್ನು ಮೂರು ದಿನಗಳ ವರೆಗೆ ನಡೆಯಿಸಿತು. ಊರಿಗೆ ಊರೇ ತೋರಣ ಕಟ್ಟಿ ಅತಿಥಿಗಳನ್ನು ಕನ್ನಡದಲ್ಲಿ ಎದುರುಗೊಂಡಿತು. ಮೂರು ದಿನಗಳ ಆ ಸ್ವಾಗತವು ಮಿಕ್ಕ ದಿನಗಳಲ್ಲಿಯೂ ಮನೆಮನೆಯ ಗಣಕದ ಹೊಸ್ತಿಲಲ್ಲಿ ಮುಂದುವರಿಯಬೇಡವೆ? ದೊಡ್ಡ ಠರಾವುಗಳಿಗಾಗಿ, ಸರಕಾರದ ಹಣಕ್ಕಾಗಿ ಕಾಯಬೇಕಾದ ಕೆಲಸ ಇದಲ್ಲ. ಒಂದು ರವಿವಾರದ ಮಧ್ಯಾಹ್ನ, ಒಂದು ಹಾಳೆ, ಮಗಳ ಕೈಯ ನಾಲ್ಕು ಸಾಲು, ಮತ್ತು “ಮಾಡು ಮಗೂ” ಎಂಬ ತಂದೆಯ ಒಂದು ಮಾತು, ಇಷ್ಟು ಸಾಕು. ಮರುದಿನ ಮನೆಯ ಅಜ್ಜಿಯು ಆ ಪರದೆಯನ್ನು ಓದಿ, ತಂತಿಯನ್ನು ಕೀಳದೆ ಎರಡು ಗಳಿಗೆ ತಡೆದು ಕುಳಿತರೆ, ಆ ಗಣಕವು ಅಂದಿನಿಂದ ಆ ಮನೆಯದಾಯಿತೆಂದು ತಿಳಿಯಬೇಕು.