ಅಂಜಿಕಿಗೆ ಶಿಸ್ತು ಅನಬ್ಯಾಡ್ರಿ

ಮೊನ್ನೆ ಅರಿಷಿಣ ಕುಂಕುಮಕ್ಕ ಹೋದಾಗ ಮತ್ತ ಅದ ಮಾತು ಬಂತು. "ನಾವೇನು ಹೊಡತಾ ತಿಂದು ಬೆಳದಿಲ್ಲೇನು? ಏನ ಕಡಿಮಿ ಆಗೇದ ನಮಗ?" ಕೂತವರೆಲ್ಲಾ ಹೌದು ಹೌದು ಅಂದ್ರು. ನಾ ಅಲ್ಲೆ ಸುಮ್ನ ಇದ್ದೆ, ಇಲ್ಲೆ ಹೇಳ್ತೇನಿ.

ಕಡಿಮಿ ಆಗೇದ್ರಿ. ನಮ್ಮೊಳಗ ಎಷ್ಟು ಮಂದಿ ಅಪ್ಪನ ಮುಂದ ನಿಂತು ಒಂದು ಮಾತು ನೆಟ್ಟಗ ಹೇಳೇವಿ? ಅವ್ವನ ಕಿವ್ಯಾಗ ಹಾಕಬೇಕು, ಆಕಿ ಹೊತ್ತು ನೋಡಿ ಅಪ್ಪಗ ಹೇಳಬೇಕು. ಇದಕ್ಕ ಶಿಸ್ತು ಅಂತ ಹೆಸರು.

ನಾನೂ ಹೊಡಿಯಾಕಿನ ಇದ್ದೆ. ಮಗಳು ಎರಡನೇತ್ತಾ ಇದ್ದಾಗ ಉಪ್ಪಿನಕಾಯಿ ಭರಣಿ ಒಡದ್ಲು. ಚೂರು ಚುಚ್ಚಿ ಕಾಲಾಗ ರಕ್ತ ಬರ್ಲಿಕ್ಕತ್ತಿದ್ರೂ ಸಾಕ್ಸ್ ಹಾಕ್ಕೊಂಡು ಸುಮ್ನ ಕೂತಿದ್ಲು. ರಾತ್ರಿ ನನಗ ಗೊತ್ತಾತು. ಯಾಕವಾ ಹೇಳಲಿಲ್ಲಾ ಅಂದ್ರ, "ನೀ ಹೊಡಿತಿ ಅಂತ" ಅಂದ್ಲು. ಆ ಕೂಸಿಗೆ ಗಾಯಕ್ಕಿಂತ ನಂದ ಅಂಜಿಕಿ ದೊಡ್ಡದಾಗಿತ್ತು.

ಅಮೆರಿಕಾದ ಮನಃಶಾಸ್ತ್ರಜ್ಞೆ ಡಯಾನಾ ಬೌಮ್ರಿಂಡ್ 1960ರ ದಶಕದಾಗ ಮಕ್ಕಳನ್ನ ಬೆಳಸೋ ರೀತಿ ಮೂರು ಥರಾ ಅಂತ ತೋರಿಸಿದ್ರು. ಬರೇ ಹುಕುಂ ನಡಸವ್ರು, ಕೇಳಿದ್ದೆಲ್ಲಾ ಕೊಟ್ಟು ಬಿಡವ್ರು, ಮತ್ತ ಪ್ರೀತಿನೂ ಮಾಡಿ, ನಿಯಮಾನೂ ಇಟ್ಟು, ಯಾಕ ಅಂತ ತಿಳಿಸಿ ಹೇಳವ್ರು. ಈ ಮೂರನೇದವರ ಮಕ್ಕಳ ತಮ್ಮನ್ನ ತಾವು ಛಲೋ ಸಂಭಾಳಸ್ಕೋತಾರ ಅಂತ ಅವರು ಕಂಡರು. 1983ರಾಗ ಮ್ಯಾಕೋಬಿ ಮತ್ತ ಮಾರ್ಟಿನ್ ನಾಲ್ಕನೇ ಥರಾನೂ ಸೇರಿಸಿದ್ರು: ಮಕ್ಕಳ ಕಡೆ ಲಕ್ಷ್ಯನ ಕೊಡದವ್ರು.

ಸಾಲ್ಯಾಗ ಹೊಡಿಯೂದನ್ನ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ್ ಮಾಡೇದ. ಮಾಸ್ತರ್ ಕೈ ಎತ್ತಿದ್ರ ಜಗಳಕ್ಕ ಹೋಗ್ತೇವಿ, ಮನ್ಯಾಗ ನಾವ ಲಟ್ಟಣಗಿ ಎತ್ತತೇವಿ. ಇದ್ಯಾವ ನ್ಯಾಯರೀ?

ಹಂಗಂತ ಅತ್ತ ಕೂಡಲೇ ಕೈಯಾಗ ಮೊಬೈಲ್ ಕೊಡೂದು ಪ್ರೀತಿ ಅಲ್ಲ, ನಮ್ಮ ಪುರಸೊತ್ತಿಗೆ ಕೊಡೋ ಲಂಚ. ನಮ್ಮ ಮನ್ಯಾಗ ಈಗೂ ಊಟಕ್ಕ ಕೂತ್ರ ಟೀವಿ ಬಂದ್, ಅತ್ರೂ ಬಂದ್. ಯಾಕ ಬಂದ್ ಅಂತ ಹೇಳ್ತೇನಿ. ಹೊಡಿಯೂದಷ್ಟ ಬಿಟ್ಟೇನಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು ಅಂತ ಹಿರೇರು ಅಂತಾರ. ಖರೆ. ಆದ್ರ ಬಗ್ಗಸ್ರಿ ಅಂದಾರ, ಮುರೀರಿ ಅಂದಿಲ್ಲ.

ಹ್ವಾದ ವಾರ ಮಗಳು ಗಣಿತದಾಗ ನಪಾಸಾದ ಪೇಪರ್ ತಾನ ತಂದು ತೋರಿಸಿದ್ಲು. ಸಿಟ್ಟು ಬರ್ಲಿಲ್ಲಾ ಅಂತ ಸುಳ್ಳು ಯಾಕ ಹೇಳ್ಲಿ? ಬಂತು. ಆದ್ರ ಮುಚ್ಚಿಡ್ಲಿಲ್ಲಲ್ಲಾ ನನ್ನ ಕೂಸು. ಇಬ್ಬರೂ ಕೂತು ತಪ್ಪಾದ ಲೆಕ್ಕಾ ಮತ್ತ ಮಾಡಿದ್ವಿ.